ಪಕ್ಕದ ಚಾಕುವನ್ನು ತಿನ್ನುವ ಚಾಕು

ಕುಂದಾಪುರದ ಓದುಗರೊಬ್ಬರು ಕಳಿಸಿದ ಪತ್ರ, ಜೊತೆಗಿದ್ದ ಫೋಟೋಗಳು ಈ ಸಲದ ಲೇಖನಕ್ಕೆ ಕಾರಣ. ಅವರ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಹಳೇ ಸಾಮಾನಿನ ಸಂತೆಗಳಲ್ಲಿ ಅಮೆರಿಕದ ಹಿಂದಿನ ಕಾಲದ ಜೇಬುಚಾಕುಗಳನ್ನು ಹುಡುಕಿ ಕೊಳ್ಳುವುದು ಅವರ ಹವ್ಯಾಸ. ಅದರಲ್ಲಿ ಕೆಲವನ್ನು ಅಪ್ಪನಿಗೆ ತಂದುಕೊಟ್ಟರು. ಅಪ್ಪ ಎಣ್ಣೆ ಸವರಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೋಪಾನವಾಗಿಟ್ಟರು. ಮಳೆಗಾಲ ಮುಗಿದ ಮೇಲೆ ತೆರೆದು ನೋಡಿದರೆ ಒಂದು ಚಾಕುವಿನ ಹಿಡಿ ಬಿರುಕುಬಿಟ್ಟು ಪುಡಿಪುಡಿಯಾಗುತ್ತಿದೆ. ಅದರ ಅಕ್ಕಪಕ್ಕದವಕ್ಕೆ ಕೆಂಪು ತುಕ್ಕು, ಹಿತ್ತಾಳೆಯ ಅಂಚುಗಳಿಗೆ ಹಸಿರು ಕಿಲುಬು. ದೂರದ ಮೂಲೆಯಲ್ಲಿದ್ದವು ಮಾತ್ರ ಅಷ್ಟಾಗಿ ಕೆಟ್ಟಿಲ್ಲ. ನೀರು ಸೋಕಿಲ್ಲ, ಎಣ್ಣೆಯೂ ಇದೆ, ಹೀಗೇಕಾಯಿತು ಎಂಬುದು ಅವರ ಪ್ರಶ್ನೆ. ಚಾಕು ಉಡುಗೊರೆ ಕೊಟ್ಟರೆ ಸಂಬಂಧ ಕಡಿಯುತ್ತದೆ, ಅದರ ಮುನ್ಸೂಚನೆಯೇ ಇದು ಎಂದು ಮನೆಯಲ್ಲಿ ಯಾರೋ ಹೆದರಿಸಿದ್ದಾರಂತೆ.

ಈ ಹೆದರಿಕೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲೂ ಚಾಕು ಕೊಡುವವರು ಜೊತೆಗೊಂದು ಪೆನ್ನಿ ನಾಣ್ಯ ಇಡುತ್ತಾರೆ. ಪಡೆದವರು ಆ ನಾಣ್ಯವನ್ನು ಹಿಂತಿರುಗಿಸಿದರೆ ಅದು ಉಡುಗೊರೆಯಲ್ಲ, ವ್ಯಾಪಾರವಾಯಿತೆಂದು ಸಮಾಧಾನ. ಎರಡು ಖಂಡಗಳ ಜನ ಒಂದೇ ಮಾತನ್ನು ನಂಬಿದರೂ ಅದು ನಿಜವಾಗುವುದಿಲ್ಲ. ಮಗ ಪ್ರೀತಿಯಿಂದ ಹುಡುಕಿ ತಂದ ವಸ್ತುವಿಗೆ ಅಪಶಕುನದ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಇಲ್ಲಿ ಕೆಲಸ ಮಾಡಿರುವುದು ರಸಾಯನಶಾಸ್ತ್ರ. ಅಪರಾಧಿ ಯಾರೆಂಬುದೂ ಫೋಟೋದಲ್ಲೇ ಸ್ಪಷ್ಟವಾಗಿದೆ. ಪುಡಿಯಾಗುತ್ತಿರುವ ಆ ಪಾರದರ್ಶಕ ಹಿಡಿಯೇ ಅದು. ಅದು ಸೆಲ್ಯುಲಾಯ್ಡ್.

ಈ ಚಾಕುಗಳ ಯಂತ್ರಭಾಗ ಬಹಳ ಸರಳ. ಬೆನ್ನಿಗಿರುವ ಉಕ್ಕಿನ ಪಟ್ಟಿಯೊಂದು ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಬೀಗವೇನೂ ಇಲ್ಲ, ಬೆರಳಿನ ಬಲಕ್ಕೆ ಅಲಗು ತೆರೆದು ಮಡಚಿಕೊಳ್ಳುತ್ತದೆ. ತೆರೆಯುವಾಗ, ಮುಚ್ಚುವಾಗ ಕೇಳುವ ಆ ಗಟ್ಟಿ ‘ಟಕ್’ ಸದ್ದಿಗೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ಸ್ಪ್ರಿಂಗು ಇನ್ನೂ ಸತ್ವ ಕಳೆದುಕೊಂಡಿಲ್ಲ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಆದರೆ ನನಗೆ ಈ ಚಾಕುಗಳಲ್ಲಿ ಅಲಗಿಗಿಂತ ಹಿಡಿಯ ಕತೆಯೇ ಹೆಚ್ಚು ರುಚಿ.

ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಜಾನ್ ವೆಸ್ಲಿ ಹಯಾಟ್ ಎಂಬ ಮುದ್ರಣಕಾರನಿದ್ದ. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೇನಾದರೂ ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನವೆಂಬ ಪ್ರಕಟಣೆ ಅವನ ಕಣ್ಣಿಗೆ ಬಿತ್ತು. ಹತ್ತಿಯಂಥ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಅದಕ್ಕೆ ಕರ್ಪೂರ ಬೆರೆಸಿ, ಕಾಯಿಸಿ, ಒತ್ತಿದಾಗ ಬೇಕಾದ ಆಕಾರಕ್ಕೆ ಬಾಗುವ, ಆರಿದ ಮೇಲೆ ಗಟ್ಟಿಯಾಗುವ ವಸ್ತು ಕೈಗೆ ಬಂತು. 1870ರಲ್ಲಿ ಪೇಟೆಂಟ್ ಆಯಿತು. ಹತ್ತಿ, ಕರ್ಪೂರ ಎರಡೂ ನಮ್ಮ ದೇವರಮನೆಯ ಸಾಮಾನುಗಳೇ! ಅವೆರಡರಿಂದ ಜಗತ್ತಿನ ಮೊದಲ ಯಶಸ್ವಿ ಪ್ಲಾಸ್ಟಿಕ್ಕು ಹುಟ್ಟಿತೆಂಬುದನ್ನು ಎಷ್ಟು ಸಲ ನೆನೆದರೂ ನನಗೆ ಹೊಸದೆನಿಸುತ್ತದೆ. ನೈಟ್ರೋಸೆಲ್ಯುಲೋಸ್ ಸಿಡಿಮದ್ದಿನ ಒಡಹುಟ್ಟು ಕೂಡ. ಕೊಲೊರಾಡೋದ ಸಲೂನ್ ಮಾಲೀಕನೊಬ್ಬ ಹಯಾಟ್‌ಗೆ ಪತ್ರ ಬರೆದಿದ್ದನಂತೆ. ಚೆಂಡುಗಳು ಡಿಕ್ಕಿ ಹೊಡೆದು ‘ಢಂ’ ಎಂದಾಗ ತನಗೇನೂ ಬೇಸರವಿಲ್ಲ, ಆದರೆ ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಪಿಸ್ತೂಲು ಎಳೆಯುತ್ತಾರೆ ಎಂದು. ಇದನ್ನು ಹಯಾಟ್ ಮುಪ್ಪಿನಲ್ಲಿ ತಾನೇ ಹೇಳಿಕೊಂಡಿದ್ದಾನೆ.

ಚಾಕು ತಯಾರಕರಿಗೆ ಸೆಲ್ಯುಲಾಯ್ಡ್ ವರವಾಗಿ ಬಂತು. ಆಮೆಚಿಪ್ಪು, ಮುತ್ತಿನಚಿಪ್ಪು, ದಂತ, ಏನು ಬೇಕಾದರೂ ಅನುಕರಿಸಬಹುದಿತ್ತು. 1890ರಲ್ಲಿ ಮೆಕಿನ್ಲಿ ಸುಂಕ ಕಾಯಿದೆ ಬಂದು ವಿದೇಶಿ ಚಾಕುಗಳ ಮೇಲಿನ ತೆರಿಗೆ ಏರಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳದ್ದೇ ದರ್ಬಾರು. ಅದು ಇಳಿದು ಅಮೆರಿಕದ ಕಾರ್ಖಾನೆಗಳು ಚಿಗುರಿದವು. ಆ ಕಾಯಿದೆಗೆ ಹೆಸರು ಕೊಟ್ಟ ಮೆಕಿನ್ಲಿಯ ಊರಾದ ಓಹಾಯೋದ ಕ್ಯಾಂಟನ್ನಿನಲ್ಲೇ ಒಂದು ಸೊಗಸಾದ ವಿಶೇಷ ಬೆಳೆಯಿತು. ಪಾರದರ್ಶಕ ಸೆಲ್ಯುಲಾಯ್ಡಿನ ಕೆಳಗೆ ಹೆಂಡತಿಯದೋ ಮಕ್ಕಳದೋ ಸಂಘದ ಲಾಂಛನದ್ದೋ ಚಿತ್ರ ಇಟ್ಟು ಹಿಡಿ ಮಾಡುತ್ತಿದ್ದರು. ಕುಂದಾಪುರದ ಡಬ್ಬಿಯಲ್ಲಿ ಪುಡಿಯಾಗುತ್ತಿರುವುದು ಈ ಜಾತಿಯದೇ. ಬಿರುಕುಗಳ ಹಿಂದೆ ಟೋಪಿ ಧರಿಸಿದ ಹೆಂಗಸೊಬ್ಬಳ ಮುಖ ಅರ್ಧಂಬರ್ಧ ಕಾಣುತ್ತದೆ.

ಈಗ ಅಪರಾಧ ನಡೆದ ರೀತಿ. ಸೆಲ್ಯುಲಾಯ್ಡಿನಲ್ಲಿರುವ ಕರ್ಪೂರ ವರ್ಷಗಟ್ಟಲೆ ನಿಧಾನವಾಗಿ ಹಾರಿಹೋಗುತ್ತದೆ. ದೇವರಮನೆಯ ಡಬ್ಬಿಯಲ್ಲಿ ಕರ್ಪೂರ ಕರಗುವುದನ್ನು ತಡೆಯಲು ಕೆಲವರು ಮೆಣಸಿನಕಾಳು ಹಾಕಿಡುತ್ತಾರಲ್ಲ, ಅದನ್ನು ಉಳಿಸುವುದು ಬಿಗಿಯಾದ ಮುಚ್ಚಳವೇ ಹೊರತು ಮೆಣಸಲ್ಲ. ಕರ್ಪೂರ ಹೋದಂತೆ ಹಿಡಿ ಕುಗ್ಗುತ್ತದೆ, ಬಿರಿಯುತ್ತದೆ. ಇನ್ನೊಂದೆಡೆ, ಗಾಳಿಯ ತೇವ ಹೊಕ್ಕು ನೈಟ್ರೋಸೆಲ್ಯುಲೋಸಿಗೆ ಅಂಟಿದ್ದ ನೈಟ್ರೇಟ್ ಗುಂಪುಗಳನ್ನು ಬಿಡಿಸತೊಡಗುತ್ತದೆ. ನೈಟ್ರೋಜನ್ ಆಕ್ಸೈಡ್ ಅನಿಲಗಳು ಹೊರಬೀಳುತ್ತವೆ. ಅವು ತೇವದೊಡನೆ ಕೂಡಿದರೆ ನೈಟ್ರಿಕ್ ಆಮ್ಲ. ಯಾವ ಆಮ್ಲದಿಂದ ಆ ವಸ್ತುವನ್ನು ತಯಾರಿಸಿದ್ದರೋ ಅದೇ ಆಮ್ಲ ದಶಕಗಳ ನಂತರ ಮರಳಿ ಹೊರಬರುತ್ತದೆ!

ಬಂದ ಆಮ್ಲ ಸುಮ್ಮನಿರುವುದಿಲ್ಲ, ಉಳಿದ ಸೆಲ್ಯುಲಾಯ್ಡ್ ಒಡೆಯುವ ವೇಗವನ್ನೂ ಹೆಚ್ಚಿಸುತ್ತದೆ. ಹಾಲಿಗೆ ಬಿದ್ದ ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನು ಮೊಸರು ಮಾಡುವ ಹಾಗೆ, ಶುರುವಾದದ್ದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆಮ್ಲದ ಹಬೆ ಮೊದಲು ತಿನ್ನುವುದು ಸ್ವಂತ ಅಲಗನ್ನು. ಹಿಡಿಯೊಳಗೆ ಅಡಗಿ ಕೂತ ಭಾಗಕ್ಕೇ ತುಕ್ಕು ಹಿಡಿದು ಹೊರಗಿನ ಬೆನ್ನು ಚೆನ್ನಾಗಿದ್ದರೆ ಅದು ನೀರಿನ ತುಕ್ಕಲ್ಲ, ಸೆಲ್ಯುಲಾಯ್ಡಿನ ಕೆಲಸ ಎಂದು ಶಂಕಿಸಬೇಕು. ಆಮೇಲೆ ನೆರೆಯವರ ಸರದಿ. ಗಾಳಿಯಾಡದ ಡಬ್ಬಿ ಹಬೆಯನ್ನು ಒಳಗೇ ಕೂಡಿಹಾಕಿತು, ಕರಾವಳಿಯ ತೇವ ಚಾಕುಗಳ ಜೊತೆಗೇ ಡಬ್ಬಿಯೊಳಗೆ ಸೇರಿತ್ತು. ಸವರಿದ ತೆಳು ಎಣ್ಣೆ ಈ ಹಬೆಯ ಎದುರು ಎಷ್ಟು ದಿನ ನಿಂತೀತು? ನಮ್ಮ ಓದುಗರು ಯಾವುದನ್ನು ಜೋಪಾನ ಎಂದುಕೊಂಡರೋ ಅದೇ ಕೆಡುಕಿಗೆ ನೆರವಾಯಿತು.

ಎಲ್ಲ ಸೆಲ್ಯುಲಾಯ್ಡೂ ಇಷ್ಟು ಕೆಟ್ಟದ್ದಲ್ಲ. ಬಿಳಿ, ದಂತದ ಬಣ್ಣದ ಅಪಾರದರ್ಶಕ ಹಿಡಿಗಳಿಗೆ ಬಣ್ಣಕ್ಕೆಂದು ಸತುವಿನ ಆಕ್ಸೈಡ್ ಬೆರೆಸುತ್ತಿದ್ದರು. ಅದು ಹುಟ್ಟುವ ಆಮ್ಲವನ್ನು ಹುಟ್ಟಿದಲ್ಲೇ ಶಮನ ಮಾಡುತ್ತದೆ. ಹಾಗಾಗಿ ಅವು ಹೆಚ್ಚು ಕಾಲ ಬಾಳುತ್ತವೆ. ಆಮೆಚಿಪ್ಪಿನಂತೆ ಹೊಳೆಯುವ, ಕೆಳಗಿನ ಚಿತ್ರ ಕಾಣಿಸುವ ಚೆಲುವಿನ ಹಿಡಿಗಳಿಗೆ ಆ ರಕ್ಷಣೆಯಿಲ್ಲ.

ಇದೇ ನೈಟ್ರೋಸೆಲ್ಯುಲೋಸ್ ನಮ್ಮ ಸಿನಿಮಾದ ಹಳೆಯ ರೀಲುಗಳಲ್ಲೂ ಇತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದ್ದು, ಅದರ ಪ್ರತಿ ಇಂದು ನಮ್ಮ ಬಳಿ ಇಲ್ಲ. ಪುಣೆಯ ಚಲನಚಿತ್ರ ದಾಸ್ತಾನಿನಲ್ಲಿ 2003ರಲ್ಲಿ ಬೆಂಕಿಗೆ ಆಹುತಿಯಾದದ್ದೂ ನೈಟ್ರೇಟ್ ರೀಲುಗಳೇ. ಆದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಿಡಿ ಸೆಲ್ಯುಲಾಯ್ಡ್ ಹೌದೋ ಅಲ್ಲವೋ ನೋಡಲು ಕಾದ ಸೂಜಿ ಚುಚ್ಚುವವರಿದ್ದಾರೆ, ಆ ಕೆಲಸ ಮಾಡಲೇಬೇಡಿ. ಭಗ್ಗೆಂದು ಹತ್ತಿಕೊಳ್ಳುವ ವಸ್ತು ಅದು. ಬೆರಳಿನಿಂದ ಬಿರುಸಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಉತ್ತರ ಸಿಕ್ಕಿತು.

ಡಬ್ಬಿಯ ದೂರದ ಮೂಲೆಯಲ್ಲಿ ಉಳಿದುಕೊಂಡವುಗಳ ಹಿಡಿ ಮೂಳೆಯದು, ಒಂದರದ್ದು ಕೊಂಬಿನದು. ಇವು ಯಾರಿಗೂ ಕೇಡು ಬಗೆಯುವುದಿಲ್ಲ. ಅಮೆರಿಕದ ಚಾಕುಗಳ ಕೊಂಬಿನ ಹಿಡಿಗೆ ಬಹಳ ಕಾಲ ಬಳಸುತ್ತಿದ್ದದ್ದು ಭಾರತದ ಕಡವೆಯ ಕೊಂಬು. ಬಂಡೀಪುರ, ನಾಗರಹೊಳೆಯಲ್ಲಿ ನಾವು ನೋಡುವ ಅದೇ ಕಡವೆ ಜಾತಿ. ಕಡವೆ ಕೊಂಬನ್ನು ತಾನಾಗಿ ಉದುರಿಸಿ ಮತ್ತೆ ಬೆಳೆಸುತ್ತದೆ. ಅದರ ಕೊಂಬಿನೊಳಗೆ ಮೆತ್ತನೆಯ ತಿರುಳು ಕಡಿಮೆ, ಗಟ್ಟಿ ಭಾಗ ಹೆಚ್ಚು, ಹಾಗಾಗಿ ಚಾಕುವಿನ ಹಿಡಿಗೆ ಒಪ್ಪುತ್ತದೆ. ಭಾರತ ಅದರ ರಫ್ತನ್ನು ನಿಷೇಧಿಸಿದ್ದು ಸರಿಯಾದ ಕೆಲಸ. ಉದುರಿದ ಕೊಂಬಿನ ನೆಪದಲ್ಲಿ ಬೇಟೆಯ ಕೊಂಬೂ ಸಾಗಬಹುದಲ್ಲ. ದನದ ಕಾಲಿನ ಮೂಳೆಗೆ ಯಂತ್ರದಿಂದ ಗೀರುಗುಳಿ ಕೊರೆದು ಬಣ್ಣ ಹಾಕುವ ರೂಢಿ ಬೆಳೆದದ್ದೂ ಕೊಂಬಿನ ಒರಟು ಮೈಯನ್ನು ಅಗ್ಗದಲ್ಲಿ ಅನುಕರಿಸಲೆಂದೇ.

ತುಕ್ಕಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಹಳೇ ಅಲಗನ್ನು ಕನ್ನಡಿಯಂತೆ ಉಜ್ಜಿ ಹೊಳೆಯಿಸಿದರೆ ಬೆಲೆ ಏರುತ್ತದೆಂಬ ನಂಬಿಕೆ. ಆಗುವುದು ತದ್ವಿರುದ್ಧ. ಇಂಗಾಲದ ಉಕ್ಕಿನ ಮೇಲೆ ಬಳಕೆಯಿಂದ ಕೂರುವ ಬೂದುನೀಲಿ ಪದರ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಉಜ್ಜಿದರೆ ಅದೂ ಹೋಯಿತು, ಅಲಗಿನ ಬುಡದ ಕಾರ್ಖಾನೆಯ ಮುದ್ರೆಯೂ ಸವೆಯಿತು. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಾಕಿ ಮೃದುವಾಗಿ ತೆಗೆದರೆ ಸಾಕು.

ಆ ಮುದ್ರೆ ಏಕೆ ಮುಖ್ಯವೆಂಬುದು ನಮ್ಮ ಓದುಗರ ಚಾಕುವಿನಲ್ಲೇ ಕಾಣುತ್ತದೆ. ತುಕ್ಕು ಹಿಡಿದವುಗಳಲ್ಲಿ ಒಂದು ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನ ಕೇಸ್ ಕಂಪನಿಯದು. 1970ರಲ್ಲಿ ಕೇಸ್ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಹಾಕಿತು, ಪ್ರತಿ ವರ್ಷ ಒಂದೊಂದನ್ನು ಕಳೆಯುತ್ತ ಬಂತು. ಫೋಟೋದಲ್ಲಿ ಏಳು ಚುಕ್ಕಿಗಳಿವೆ, ಅಂದರೆ 1973. ಅಲಗಿನ ಮೇಲಿನ ಸಂಖ್ಯೆ 6254. ಮೊದಲ ಅಂಕಿ ಹಿಡಿ ಯಾವುದರದ್ದೆಂದು ಹೇಳುತ್ತದೆ, 6 ಎಂದರೆ ಗೀರುಗುಳಿಯ ಮೂಳೆ. ಎರಡನೆಯದು ಅಲಗುಗಳ ಸಂಖ್ಯೆ. ಉಳಿದ 54 ಮಾದರಿಯ ಗುರುತು, ಟ್ರ್ಯಾಪರ್ ಎಂಬ ಎರಡು ಉದ್ದ ಅಲಗುಗಳ ಚಾಕು ಇದು. ಮೊದಲ ಅಂಕಿ 9 ಆಗಿದ್ದರೆ ಕೃತಕ ಮುತ್ತಿನಚಿಪ್ಪು ಎಂದರ್ಥ, ಹಳೆಯದಾದರೆ ಅದು ಸೆಲ್ಯುಲಾಯ್ಡ್ ಆಗಿರುವ ಸಂಭವ ಹೆಚ್ಚು. ಕೊಳ್ಳುವ ಮೊದಲೇ ಓದಬಹುದಾದ ಎಚ್ಚರಿಕೆ ಅದು.

ಹಿಡಿ ಮೂಳೆಯದಾದ್ದರಿಂದ ಈ ಟ್ರ್ಯಾಪರಿನ ತಪ್ಪೇನೂ ಇಲ್ಲ, ತುಕ್ಕು ತೆಗೆದು ಖನಿಜ ತೈಲ ಸವರಿದರೆ ಬದುಕುತ್ತದೆ. ಚಿತ್ರದ ಹಿಡಿಯ ಚಾಕುವನ್ನು ಇವತ್ತೇ ಬೇರೆ ಮಾಡಿ, ಒಣ ಜಾಗದಲ್ಲಿ, ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಡಿ. ಒಲೆಯಿಂದಲೂ ದೇವರ ದೀಪದಿಂದಲೂ ದೂರವಿರಲಿ. ಹಿಡಿ ಪೂರ್ತಿ ಉದುರುವ ಮೊದಲು ಒಳಗಿನ ಚಿತ್ರದ ಒಂದು ಒಳ್ಳೆಯ ಫೋಟೋ ತೆಗೆದುಕೊಳ್ಳಿ. ಮಿಕ್ಕವನ್ನು ಮೊದಲಿನ ಡಬ್ಬಿಗೆ ಮತ್ತೆ ತುಂಬಬೇಡಿ, ಚರ್ಮದ ಚೀಲಕ್ಕೂ ಹಾಕಬೇಡಿ. ಚರ್ಮ ತೇವ ಹಿಡಿದಿಡುತ್ತದೆ. ಮಗನಿಗೆ ಬರೆಯುವಾಗ, ಅವರ ಪೆನ್ಸಿಲ್ವೇನಿಯಾದ ಕಪಾಟಿನಲ್ಲೂ ಇಂಥ ಪಾರದರ್ಶಕ ಹಿಡಿಗಳು ಉಳಿದವುಗಳ ಮಧ್ಯೆ ಕೂತಿವೆಯೇ ಎಂದು ಕೇಳಿ ನೋಡಿ.