ಹುಡುಗಿಯರಿಗೆ ಪಂಥ ಆಗದೆ? ಇನ್ನೊಮ್ಮೆ ಓಡಿಸಿ ನೋಡಿ!

ಇಸ್ರೇಲಿನ ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಒಂದು ಓಟ ಇಟ್ಟರು. ಮೊದಲು ಒಬ್ಬೊಬ್ಬರೇ 40 ಮೀಟರ್ ಓಡಬೇಕು. ಆಮೇಲೆ ಹೆಚ್ಚುಕಡಿಮೆ ಒಂದೇ ವೇಗದ ಇಬ್ಬರು ಜೊತೆಯಾಗಿ ಓಡಬೇಕು. ಪಕ್ಕದಲ್ಲಿ ಇನ್ನೊಬ್ಬರಿದ್ದಾಗ ಹುಡುಗರ ವೇಗ ಏರಿತು, ಹುಡುಗಿಯರದು ಏರಲಿಲ್ಲ. ಯೂರಿ ಗ್ನೀಜಿ, ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಇದನ್ನು ಪ್ರಕಟಿಸಿದರು.

ಓಟಕ್ಕೂ ಅರ್ಥಶಾಸ್ತ್ರಕ್ಕೂ ಏನು ಸಂಬಂಧ ಎನ್ನುತ್ತೀರಾ? ದೊಡ್ಡ ಹುದ್ದೆಗಳಲ್ಲಿ ಹೆಂಗಸರು ಯಾಕೆ ಕಡಿಮೆ ಎಂಬುದು ಅವರ ಪ್ರಶ್ನೆ. ಸ್ಪರ್ಧೆ ಎಂದರೆ ಹಿಂಜರಿಯುತ್ತಾರೋ ಏನೋ ಎಂದು ಪರೀಕ್ಷಿಸಿದರು. ನಮ್ಮ ಕುಂದಾಪುರದ ಕಡೆ ಕೆಲವರಿಗೆ ಪರೀಕ್ಷೆಯೂ ಬೇಡ. ಕಳೆದ ವರ್ಷ ನನ್ನ ತಂಗಿಯ ಮಗಳು ಕ್ವಿಜ್ ತಂಡಕ್ಕೆ ಹೆಸರು ಕೊಡಲು ಹೋದಳು. "ಹೆಣ್ಮಕ್ಳಿಗ್ ಪಂಥ ಎಂತಕ್ಕೆ? ವೇದಿಕೆ ಮೇಲೆ ಹೆದರುತ್ತಾರೆ" ಎಂದು ಹಿರಿಯರೊಬ್ಬರು ಅವಳನ್ನು ಕೈಬಿಟ್ಟರು. ಒಂದು ಪ್ರಶ್ನೆಯನ್ನಾದರೂ ಕೇಳಿ ನೋಡಬಹುದಿತ್ತು.

ಕೇಳಿ ನೋಡುವುದನ್ನೇ ಕೆಲಸ ಮಾಡಿಕೊಂಡವರು ಸ್ವೀಡನ್ನಿನ ಅನ್ನಾ ಡ್ರೆಬರ್. ಸ್ಟಾಕ್‌ಹೋಮ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕಿ. ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಪ್ರಯೋಗ ಮಾಡಿ ನೋಡುವ ವರ್ತನಾ ಅರ್ಥಶಾಸ್ತ್ರ ಅವರ ವಿಷಯ. ಅವರೂ ಜೊತೆಗಾರರೂ ಏಳರಿಂದ ಹತ್ತು ವರ್ಷದ ಸ್ವೀಡನ್ನಿನ ಮಕ್ಕಳಲ್ಲಿ ಅದೇ ಬಗೆಯ ಓಟ ನಡೆಸಿದರು. ಜೊತೆಗೆ ಹಗ್ಗದಾಟ, ಕುಣಿತವನ್ನೂ ಸೇರಿಸಿದರು. ಓಟ ಹುಡುಗರ ಆಟ ಎಂಬ ಭಾವನೆಯೇ ಫಲಿತಾಂಶ ಬದಲಿಸಿರಬಹುದಲ್ಲ! 2011ರಲ್ಲಿ ಉತ್ತರ ಪ್ರಕಟವಾಯಿತು: ಸ್ಪರ್ಧೆ ಬಂದಾಗ ಹುಡುಗ-ಹುಡುಗಿಯರಲ್ಲಿ ವ್ಯತ್ಯಾಸ ಮೂರರಲ್ಲೂ ಕಾಣಲಿಲ್ಲ. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಕೊಲಂಬಿಯಾದ ಮಕ್ಕಳೂ ಸರಿಸಮ. ಸ್ವೀಡನ್ನಿನ ಮಕ್ಕಳಲ್ಲಿ ಈ ಸಲ ಉತ್ತರ ಮಿಶ್ರ: ಕೆಲವು ಆಟಗಳಲ್ಲಿ ಹುಡುಗಿಯರು ಮುಂದೆ, ಆದರೆ ಸ್ಪರ್ಧೆ ಬೇಕೆಂದು ಆರಿಸಿಕೊಂಡವರಲ್ಲಿ ಹುಡುಗರು ಹೆಚ್ಚು. ಅಪಾಯದ ಪಣಕ್ಕಂತೂ ಎರಡೂ ದೇಶಗಳಲ್ಲಿ ಹುಡುಗರೇ ಮುಂದು. ತಮಗೆ ಹಿತವಾದ ಉತ್ತರವನ್ನಷ್ಟೇ ಬರೆಯದೆ ಎಲ್ಲವನ್ನೂ ಬರೆದಿದ್ದಾರಲ್ಲ, ಅದು ನನಗೆ ಇಷ್ಟವಾಯಿತು.

ಡ್ರೆಬರ್ ಅಲ್ಲಿಗೇ ನಿಲ್ಲಲಿಲ್ಲ. ಮೈ ಹರಡಿಕೊಂಡು ಗತ್ತಿನ ಭಂಗಿಯಲ್ಲಿ ಇದ್ದರೆ ದೇಹದ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆ ಎಂದು 2010ರಲ್ಲಿ ಒಂದು ಪ್ರಯೋಗ ಹೇಳಿತ್ತು. ಅದರಲ್ಲಿ ಇದ್ದವರು 42 ಮಂದಿ. ಡ್ರೆಬರ್ ಮತ್ತು ಸಂಗಡಿಗರು 200 ಮಂದಿಯಲ್ಲಿ ಅದನ್ನು ಮಾಡಿಸಿ ನೋಡಿದರು. 'ನಾನು ಗಟ್ಟಿ' ಎಂಬ ಅನಿಸಿಕೆಯೇನೋ ಬಂತು, ಹಾರ್ಮೋನು ಜಪ್ಪಯ್ಯ ಅನ್ನಲಿಲ್ಲ! ಆಮೇಲೆ ಹಲವು ದೇಶದವರು ಸೇರಿ ಅರ್ಥಶಾಸ್ತ್ರದ 18 ಪ್ರಯೋಗಗಳನ್ನು ಮತ್ತೆ ಮಾಡಿದರು. ಮೊದಲಿನ ಫಲಿತಾಂಶ ಮರಳಿ ಸಿಕ್ಕಿದ್ದು 11ರಲ್ಲಿ. ಇದು 2016ರ ಮಾತು. ಉಳಿದ ಏಳನ್ನು ಮಾಡಿದವರು ಸುಳ್ಳುಗಾರರು ಎಂದಲ್ಲ. ಕೆಲವೇ ಜನರನ್ನು ನೋಡಿದಾಗ ಅದೃಷ್ಟವೂ ಆಟ ಆಡುತ್ತದೆ. ನಾಣ್ಯ ಚಿಮ್ಮಿದಾಗ ಸಾಲಾಗಿ ನಾಲ್ಕು ಸಲ ಒಂದೇ ಮುಖ ಬೀಳುವುದಿಲ್ಲವೆ, ಹಾಗೆ.

ಊರು ಬದಲಾದರೂ ಉತ್ತರ ಬದಲಾಗುತ್ತದೆ. ಗ್ನೀಜಿ ಮತ್ತು ಜೊತೆಗಾರರು ತಾಂಜಾನಿಯಾದ ಮಸಾಯಿ ಜನರಿಗೂ ಮೇಘಾಲಯದ ಖಾಸಿ ಜನರಿಗೂ ಮೂರು ಮೀಟರ್ ದೂರದ ಬಕೆಟ್ಟಿಗೆ ಟೆನಿಸ್ ಚೆಂಡು ಎಸೆಯಲು ಹೇಳಿದ್ದರು. ಗಂಡಸರದೇ ಯಜಮಾನಿಕೆಯ ಮಸಾಯಿಗಳಲ್ಲಿ ಸ್ಪರ್ಧೆ ಆರಿಸಿಕೊಂಡವರು ಹೆಚ್ಚಾಗಿ ಗಂಡಸರು. ಮನೆ-ಆಸ್ತಿ ಕಿರಿಮಗಳಿಗೆ ಹೋಗುವ ಖಾಸಿಗಳಲ್ಲಿ ಹೆಂಗಸರೇ ಮುಂದೆ.

ಇದನ್ನು ಓದಿದಾಗ ನನಗೆ ನಮ್ಮ ಅಳಿಯಕಟ್ಟು ನೆನಪಾಯಿತು. ಕರಾವಳಿಯ ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಮಗಳ ಮಕ್ಕಳೇ ಮನೆತನದವರು. ವ್ಯವಹಾರ ಹೆಚ್ಚಾಗಿ ಸೋದರಮಾವನ ಕೈಯಲ್ಲಿ ಇರುತ್ತಿತ್ತು ಎನ್ನುವುದೂ ನಿಜ. ಹಾಗಾದರೆ ನಮ್ಮೂರಿನ ಹುಡುಗಿಯರು ಇಸ್ರೇಲಿನವರ ಹಾಗೋ, ಖಾಸಿಗಳ ಹಾಗೋ?

ಮಕ್ಕಳೇ, ನೀವೇ ನೋಡಬಹುದು. ಬ್ರಹ್ಮಾವರದ ಒಂದು ಶಾಲೆ, ಬೈಂದೂರಿನ ಒಂದು ಶಾಲೆ ಸಾಕು. ಏನು ಅಳೆಯುತ್ತೀರಿ ಎಂದು ಓಟಕ್ಕೆ ಮೊದಲೇ ಪುಸ್ತಕದಲ್ಲಿ ಬರೆದು ಟೀಚರ್ ಸಹಿ ಹಾಕಿಸಿ, ಆಮೇಲೆ ಬದಲಾಯಿಸಬೇಡಿ. ಐದಾರು ಜನರಲ್ಲ, ಇಡೀ ತರಗತಿ ಓಡಲಿ. ಕೆಲವರು ಎರಡನೇ ಸಲವೂ ಒಬ್ಬರೇ ಓಡಲಿ, ಆಗ ಸುಸ್ತಿನ ಲೆಕ್ಕ ಸಿಗುತ್ತದೆ. ಒಂದು ಶಾಲೆಯವರು ಇನ್ನೊಂದರ ಫಲಿತಾಂಶ ಮೊದಲೇ ಕೇಳಬಾರದು. ಏನೂ ವ್ಯತ್ಯಾಸ ಕಾಣದಿದ್ದರೆ ಅದನ್ನೇ ಬರೆಯಿರಿ. ಮತ್ತೆ, ಮೊದಲ ಸಲ ಚಪ್ಪಲಿ ಹಾಕಿ ಓಡಿದವರು ಎರಡನೇ ಸಲವೂ ಚಪ್ಪಲಿ ಹಾಕಿಯೇ ಓಡಬೇಕು!