ಯಂತ್ರದ ಧೈರ್ಯವೂ ಮಾತಿನ ನಿಜವೂ

ಕೇಳಿದ ಪ್ರಶ್ನೆಗೆ ವಾಕ್ಯ ಹೆಣೆದು ಉತ್ತರ ಕೊಡುವ ಯಂತ್ರಗಳು ಈಗ ನಮ್ಮ ಐಮಂಗಲದ ಹುಡುಗರ ಅಂಗೈಗೂ ಬಂದಿವೆ. ಮಾತಿನ ಒಂದೊಂದು ತುಂಡನ್ನು ಆಯುವಾಗಲೂ ಯಂತ್ರವು, ಮುಂದೆ ಬರಬಹುದಾದ ತುಂಡುಗಳಿಗೆಲ್ಲ ಇಂತಿಷ್ಟು ಸಂಭವವೆಂದು ಅಂಕವಿಡುತ್ತದೆ. ಆ ಅಂಕವೇ ಅದರ ಧೈರ್ಯ. ಅಂಕ ಹೆಚ್ಚಿದ್ದರೆ ಉತ್ತರವೂ ಒಳ್ಳೆಯದೆಂದು ನಂಬಬಹುದೆ?

ಮಾರಿಕಣಿವೆಯ ಕಟ್ಟೆ, ಎಂದರೆ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರ, ಯಾವ ಹೊಳೆಯದೆಂದು ಕೇಳಿದೆವೆನ್ನಿ. “ವೇದಾವತಿಯದು” ಎನ್ನಬಹುದು, “ವೇದಾವತಿಗೆ ಕಟ್ಟಿದ್ದು” ಎನ್ನಬಹುದು, “ಕಟ್ಟಿರುವುದು ವೇದಾವತಿಗೆ” ಎಂದು ತಿರುಗಿಸಿಯೂ ಹೇಳಬಹುದು. ಕನ್ನಡದ ವಿಭಕ್ತಿಗಳೂ ಪದಕ್ರಮದ ಸ್ವಾತಂತ್ರ್ಯವೂ ಅಂಥವು. ಹೀಗೆ ಅಂಕವು ಹಲವು ಸರಿಯುತ್ತರಗಳಿಗೆ ಹಂಚಿಹೋಗಿ, ಒಂದೊಂದರ ಪಾಲಿಗೆ ಸ್ವಲ್ಪವೇ ಉಳಿಯುತ್ತದೆ. ನೋಡಿದವರಿಗೆ ಯಂತ್ರ ಅಳುಕುತ್ತಿರುವಂತೆ ಕಾಣುತ್ತದೆ, ಅಳುಕೇನೂ ಇಲ್ಲ.

ಇದಕ್ಕೆ ಆಕ್ಸ್‌ಫರ್ಡಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಉಪಾಯವೊಂದುಂಟು. ಅದೇ ಪ್ರಶ್ನೆಯನ್ನು ಹಲವು ಸಲ ಕೇಳಿ, ಬಂದ ಉತ್ತರಗಳನ್ನು ಅರ್ಥಾನುಸಾರವಾಗಿ ಗುಂಪು ಮಾಡುವುದು. ಒಂದೇ ಗುಂಪಾದರೆ ಯಂತ್ರಕ್ಕೆ ನಿಶ್ಚಯವಿದೆ. ಚದರಿದರೆ ಕಟ್ಟುಕಥೆಯ ಶಂಕೆ. ಪದವನ್ನು ಬಿಟ್ಟು ಅರ್ಥವನ್ನು ಹಿಡಿಯುವ ಈ ಕ್ರಮ ಪಂಡಿತರಿಗೂ ಮೆಚ್ಚಿಗೆಯಾಗತಕ್ಕದ್ದೇ. ಆದರೆ ಗುಂಪು ಮಾಡುವುದೂ ಯಂತ್ರವೇ. “ಹಗರಿ” ಎಂಬ ಉತ್ತರ ಬಂದರೆ? ವೇದಾವತಿಗೇ ಹಗರಿಯೆಂಬ ಹೆಸರೂ ಉಂಟೆಂದು ಹೊಳೆಯ ದಂಡೆಯವರು ಬಲ್ಲರು. ಅರಿಯದ ಯಂತ್ರ ಅದನ್ನು ಬೇರೆ ಗುಂಪಿಗೆ ತಳ್ಳೀತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಲಿತ ಬರಹಗಳಲ್ಲೇ ತಪ್ಪಿದ್ದರೆ, ಹತ್ತು ಸಲ ಕೇಳಿದರೂ “ತುಂಗಭದ್ರೆ” ಎಂದೇ ಹೇಳೀತು. ಆಗ ಅಂಕವೂ ತುಂಬಿರುತ್ತದೆ, ಗುಂಪೂ ಒಂದೇ ಇರುತ್ತದೆ. ಹೊಳೆಯ ಹೆಸರು ತಪ್ಪಿದರೆ ನಕ್ಕುಬಿಡಬಹುದು. ಬೆಳೆಗೆ ಹೊಡೆಯುವ ಔಷಧಿಯ ಅಳತೆ ಕೇಳಿದ ರೈತ ಮಾತ್ರ ಡಬ್ಬಿಯ ಮೇಲಣ ಚೀಟಿಯನ್ನೂ ಓದಿಕೊಳ್ಳಬೇಕು.