ಆಪರೇಷನ್ ಆಗಿ ಮನೆಗೆ ಬಂದಿದ್ದೀರಾ? ಹೊಲಿಗೆ ಗಾಯಕ್ಕೆ ಅರಿಶಿನ ಹಚ್ಚಬೇಡಿ, ‘ನಂಜು’ ಅಂತ ಮೊಟ್ಟೆ ಬಿಡಬೇಡಿ

ಉಯ್ಯಂಬಳ್ಳಿ: ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್, ಯಾವ ಆಪರೇಷನ್ ಆದರೂ ಈಗ ಕೆಲವೇ ದಿನಕ್ಕೆ ಡಿಸ್ಚಾರ್ಜ್ ಮಾಡಿ ಕಳಿಸುತ್ತಾರೆ. ಎಷ್ಟೋ ಸಲ ಹೊಲಿಗೆ ಕೂಡ ಬಿಚ್ಚಿರುವುದಿಲ್ಲ. ಮೇಲೆ ಕೂಡಿಕೊಂಡಂತೆ ಕಂಡರೂ ಗಾಯ ಒಳಗೆ ಹಸಿಯಾಗಿಯೇ ಇರುತ್ತದೆ. ಸೋಂಕು ತಲೆ ಎತ್ತುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಆಪರೇಷನ್ ಆದ 30 ದಿನದವರೆಗೂ ಆ ಭಯ ಇದ್ದೇ ಇರುತ್ತದೆ ಎನ್ನುತ್ತದೆ ವೈದ್ಯಶಾಸ್ತ್ರ.

ಮೊದಲ ಕೆಲಸ ಕೈ ತೊಳೆಯುವುದು. ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಮನೆಗೆ ಯಾರಾದರೂ ಕೈಕಾಲು ತೊಳೆಯದೆ ಕಾಲಿಟ್ಟರೆ ಬೈಯುತ್ತೇವೆ, ರೋಗ ಹೊಕ್ಕರೆ ಇಡೀ ಬೆಳೆಯೇ ಹೋಗುತ್ತದೆ ಅಂತ. ಅದೇ ಶಿಸ್ತು ಗಾಯಕ್ಕೂ ಬೇಕು. ಡ್ರೆಸ್ಸಿಂಗ್ ಮುಟ್ಟುವ ಮೊದಲೂ ನಂತರವೂ ಸೋಪು ಹಾಕಿ ಕೈ ತೊಳೆಯಿರಿ. ನೋಡಲು ಬಂದ ನೆಂಟರಿಗೆ ಗಾಯ ಬಿಚ್ಚಿ ತೋರಿಸುವ ಅಭ್ಯಾಸ ಬೇಡವೇ ಬೇಡ.

ಆಸ್ಪತ್ರೆಯಲ್ಲಿ ಹಾಕಿದ ಪಟ್ಟಿಯನ್ನು ಸಾಮಾನ್ಯವಾಗಿ 48 ಗಂಟೆ ಬಿಚ್ಚದೆ, ಒದ್ದೆಯಾಗದಂತೆ ಇಟ್ಟುಕೊಳ್ಳಬೇಕು. ಆಮೇಲೆ ಡಾಕ್ಟರು ಒಪ್ಪಿದರೆ ಮೈಮೇಲೆ ನೀರು ಸುರಿದುಕೊಂಡು ಸ್ನಾನ ಮಾಡಬಹುದು. ಗಾಯವನ್ನು ಉಜ್ಜಬಾರದು, ಒಗೆದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಬೇಕು. ಗಾಯ ಪೂರ್ತಿ ಮಾಯುವವರೆಗೆ ಕೆರೆ, ಹೊಳೆ ನೀರಿಗೆ ಇಳಿಯಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ, ಡೆಟಾಲ್ ಯಾವುದನ್ನೂ ಹಚ್ಚಬಾರದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಪೌಡರ್ ಕೂಡ ಚೀಟಿಯಲ್ಲಿ ಬರೆದಿಲ್ಲದಿದ್ದರೆ ಬೇಡ. ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನು ನೋವು ಕಮ್ಮಿಯಾಯಿತು ಅಂತ ನಡುವೆ ನಿಲ್ಲಿಸಬೇಡಿ.

ಇನ್ನು ಪಥ್ಯದ ವಿಚಾರ. ನಮ್ಮ ಕಡೆ ಗಾಯಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಇದೇ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಅವರೆಕಾಳು ತಿಂದರೆ ಕೀವಾಗುತ್ತೆ, ಮೊಟ್ಟೆ ಅಂತೂ ಮುಟ್ಟಲೇಬೇಡ ಅಂತ ಹಿರಿಯರು ತಡೆಯುತ್ತಾರೆ. ಕಾಳಜಿಯಿಂದಲೇ ಹೇಳುತ್ತಾರೆ, ಆದರೆ ಕೀವು ಆಗುವುದು ರೋಗಾಣುವಿನಿಂದ, ಬದನೆಕಾಯಿಯಿಂದಲ್ಲ. ಕತ್ತರಿಸಿದ ಚರ್ಮ, ಮಾಂಸ ಮತ್ತೆ ಕೂಡಿಕೊಳ್ಳಲು ಪ್ರೋಟೀನ್ ಬೇಕೇ ಬೇಕು. ವಾರಗಟ್ಟಲೆ ಬರೀ ಗಂಜಿ, ಬ್ರೆಡ್ ಕೊಟ್ಟರೆ ಗಾಯ ಮಾಯುವುದು ನಿಧಾನವಾಗುತ್ತದೆ. ಮಾಮೂಲಿ ಊಟಕ್ಕೆ ಡಾಕ್ಟರು ಹೂಂ ಎಂದ ಮೇಲೆ ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ, ಮೊಸರು, ಸೊಪ್ಪು, ಸೀಬೆಹಣ್ಣು, ನಿಂಬೆಹಣ್ಣು ಎಲ್ಲ ಕೊಡಬಹುದು. ಬಾಣಂತಿಯರಿಗೆ ನೀರು ಕೊಡದಿರುವುದೂ ತಪ್ಪು. ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ಬಿಡದೆ ತೆಗೆದುಕೊಂಡು ಶುಗರ್ ನೋಡಿಸುತ್ತಿರಬೇಕು. ಬೀಡಿ, ಸಿಗರೇಟಿನಿಂದ ರಕ್ತನಾಳ ಕುಗ್ಗಿ ಗಾಯಕ್ಕೆ ರಕ್ತ ಸರಿಯಾಗಿ ತಲುಪುವುದಿಲ್ಲ.

ನಾಲ್ಕನೇ ಜ್ವರ ಎದ್ದ ಹುಳು ಯಾರ ಆಪರೇಷನ್ನಿಗೂ ಕಾಯುವುದಿಲ್ಲ, ನಿಜ. ಹಾಗಂತ ಹೊಟ್ಟೆ ಕೊಯ್ಸಿಕೊಂಡವರು ಸೊಪ್ಪಿನ ಹೊರೆ ಹೊರುವುದು, ಅಂಗಡಿಯವರು ಅಕ್ಕಿ ಮೂಟೆ ಎತ್ತುವುದು ನಾಲ್ಕರಿಂದ ಆರು ವಾರ ನಿಲ್ಲಬೇಕು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಪೂರ್ತಿ ಮಲಗಿಯೇ ಇರುವುದೂ ಸರಿಯಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಮನೆಯೊಳಗೇ ಸ್ವಲ್ಪ ಓಡಾಡಬೇಕು.

ಗಾಯದ ಅಂಚು ತುಸು ಕೆಂಪಾಗುವುದು, ತುರಿಕೆ, ಮೊದಲ ದಿನಗಳಲ್ಲಿ ಸ್ವಲ್ಪ ತಿಳಿನೀರು ಬರುವುದು ಸಹಜ. ಆದರೆ ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿ ಎನಿಸಿದರೆ, ದಿನ ಕಳೆದಂತೆ ಕಮ್ಮಿಯಾಗಬೇಕಾದ ನೋವು ಜಾಸ್ತಿಯಾದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೊಲಿಗೆ ಬಿಚ್ಚುವ ದಿನದವರೆಗೆ ಕಾಯಬೇಡಿ. ‘ಸೋಮವಾರ ಹೆಂಗೂ ಕನಕಪುರಕ್ಕೆ ಹೋಗ್ಬೇಕಲ್ಲ’ ಎಂದು ಮುಂದಕ್ಕೆ ತಳ್ಳುವುದರಲ್ಲೇ ಸಣ್ಣ ಸೋಂಕು ದೊಡ್ಡದಾಗುತ್ತದೆ. ಹೊಲಿಗೆ ಬಿಟ್ಟುಕೊಂಡು ಒಳಗಿನ ಭಾಗ ಹೊರಗೆ ಕಂಡರೆ ಒಳಕ್ಕೆ ತಳ್ಳಲು ಹೋಗಬಾರದು. ಶುದ್ಧ ನೀರಲ್ಲಿ ಅದ್ದಿದ ಸ್ವಚ್ಛ ಬಟ್ಟೆ ಮುಚ್ಚಿ, ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೂ, ಪಟ್ಟಿ ತೊಯ್ದು ರಕ್ತ ನಿಲ್ಲದಿದ್ದರೂ ಅಷ್ಟೇ. ಮೀನಖಂಡ ಊದಿ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ತೋರಿಸಿ.

ಸಣ್ಣಪುಟ್ಟ ಅನುಮಾನಕ್ಕೆ ಆರೋಗ್ಯ ಸಹಾಯವಾಣಿ 104 ಇದೆ, ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಹೊಟ್ಟೆಯ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಕೈಕಾಲಿನದು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ತಾನೇ ಕರಗುವ ದಾರವಾದರೆ ಬಿಚ್ಚುವ ಕೆಲಸವಿಲ್ಲ. ನಿಮ್ಮದು ಯಾವುದು ಎಂಬುದನ್ನು ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಆಸ್ಪತ್ರೆಗೆ ಹೋದರೂ ಆ ಚೀಟಿ ಜೊತೆಯಲ್ಲಿರಲಿ.